ಬಣ್ಣ ಕರಗುವ ಸ್ವೆಟರ್‌ಗೆ ದುಬಾರಿ ಉಲ್ಲನ್ ಬೇಕಿಲ್ಲ

ಕೆಳಗಂಚಿನಲ್ಲಿ ಕಡು ನೇರಳೆ, ನಡುವಿಗೆ ಬರುವಾಗ ಈರುಳ್ಳಿ ಸಿಪ್ಪೆಯ ಬಣ್ಣ, ಹೆಗಲ ಹತ್ತಿರ ಕೆನೆ. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದಂಥ ಗ್ರೇಡಿಯೆಂಟ್ ಕ್ರೋಶಾ ಸ್ವೆಟರ್ ಕಂಡಾಗ ಜನ ಮೊದಲು ಕೇಳುವುದು, ‘ಈ ಉಲ್ಲನ್ ಎಲ್ಲಿ ಸಿಗುತ್ತೆ?’ ಎಂದು. ತಪ್ಪು ಕಲ್ಪನೆ ಆ ಪ್ರಶ್ನೆಯಲ್ಲೇ ಇದೆ. ಬಣ್ಣಗಳೆಲ್ಲ ಉಂಡೆಯೊಳಗೇ ಇರುತ್ತವೆ, ನಾವು ಹೆಣೆಯುತ್ತ ಹೋದರೆ ಸಾಕು, ತಾವಾಗಿಯೇ ಬರುತ್ತವೆ ಎಂಬ ನಂಬಿಕೆ ಅದು. ಇದರಿಂದ ದುಡ್ಡು ಹೋಗುವುದು ಸಣ್ಣ ನಷ್ಟ. ‘ನಮ್ಮೂರಲ್ಲಿ ಅಂಥ ದಾರ ಸಿಗಲ್ಲ’ ಎಂದು ಎಷ್ಟೋ ಮಂದಿ ಶುರುವೇ ಮಾಡದೆ ಉಳಿಯುತ್ತಾರಲ್ಲ, ಅದು ದೊಡ್ಡ ನಷ್ಟ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ತಪ್ಪು ಕಲ್ಪನೆ: ಗ್ರೇಡಿಯೆಂಟ್ ಸ್ವೆಟರ್‌ಗೆ ಗ್ರೇಡಿಯೆಂಟ್ ಉಂಡೆಯೇ ಬೇಕು

ಬೇಡ. ಬೆಂಗಳೂರಿನ ಚಿಕ್ಕಪೇಟೆಯಲ್ಲೋ ನಿಮ್ಮೂರ ಪೇಟೆಬೀದಿಯ ಫ್ಯಾನ್ಸಿ ಸ್ಟೋರಿನಲ್ಲೋ ಸಿಗುವ, ಒಂದೊಂದೇ ಬಣ್ಣದ ಸಾದಾ ಉಂಡೆಗಳು ಸಾಕು. ತೆಳುವಾದ ದಾರ ಆರಿಸಿಕೊಂಡು ಎರಡು ಎಳೆಗಳನ್ನು ಜೋಡಿಸಿ ಹಿಡಿದು, ಎರಡೂ ಸೇರಿ ಒಂದೇ ದಾರವೆಂಬಂತೆ ಹೆಣೆಯಬೇಕು. ಮೊದಲು ಎರಡೂ ಎಳೆ ನೇರಳೆ. ಆಮೇಲೆ ಒಂದು ನೇರಳೆ, ಒಂದು ಈರುಳ್ಳಿ ಸಿಪ್ಪೆ. ಆಮೇಲೆ ಎರಡೂ ಈರುಳ್ಳಿ ಸಿಪ್ಪೆ. ಮುಂದೆ ಈರುಳ್ಳಿ ಸಿಪ್ಪೆಯ ಜೊತೆಗೆ ಕೆನೆ, ಕೊನೆಗೆ ಎರಡೂ ಕೆನೆ. ಮೂರು ಬಣ್ಣ ಕೊಂಡು ಐದು ಛಾಯೆ ಪಡೆದಂತಾಯಿತು. ನಾಲ್ಕು ಬಣ್ಣ ಕೊಂಡರೆ ಏಳು ಛಾಯೆ. ಇನ್ನೂ ತೆಳು ದಾರ ಸಿಕ್ಕಿ ಮೂರು ಎಳೆ ಹಿಡಿದರೆ ಮೂರೇ ಬಣ್ಣದಿಂದ ಏಳು ಛಾಯೆ ಬರುತ್ತದೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ಡಬಲ್ ಶೇಡ್ ರೇಷ್ಮೆ ಸೀರೆಯಲ್ಲಿ ಮೂರನೆಯ ಬಣ್ಣ ಹೊಳೆಯುತ್ತದಲ್ಲ, ಇಲ್ಲೂ ಹಾಗೆಯೇ. ಎಳೆಗಳ ಬಣ್ಣ ಒಂದರಲ್ಲೊಂದು ಬೆರೆತಿರುವುದಿಲ್ಲ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡುವ ಕಣ್ಣು ಬೆರೆಸಿಕೊಳ್ಳುತ್ತದೆ. ದುಬಾರಿ ಗ್ರೇಡಿಯೆಂಟ್ ಉಂಡೆಗಳಲ್ಲೂ ಅನೇಕವು ಹೀಗೆಯೇ ತಯಾರಾದವು. ಹುರಿ ಹಾಕದ ಮೂರೋ ನಾಲ್ಕೋ ಎಳೆಗಳನ್ನು ಜೊತೆಯಾಗಿ ಸುತ್ತಿ, ಅಲ್ಲಲ್ಲಿ ಒಂದೊಂದೇ ಎಳೆಯನ್ನು ಸಣ್ಣ ಗಂಟು ಹಾಕಿ ಬದಲಿಸಿರುತ್ತಾರೆ.

ಕೊಳ್ಳುವಾಗ ಒಂದು ಲೆಕ್ಕ ನೆನಪಿರಲಿ. ಮೂರು ಬಣ್ಣವನ್ನೂ ಸಮ ಸಮ ತಂದವರಿಗೆ ನಡುವಿನ ಬಣ್ಣ ಸಾಲುವುದಿಲ್ಲ. ಐದು ಪಟ್ಟಿಗಳೂ ಒಂದೇ ಅಗಲ ಎಂದುಕೊಳ್ಳಿ. ನೇರಳೆ ತನ್ನ ಪಟ್ಟಿಯಲ್ಲಿ ಎರಡು ಎಳೆ, ಮುಂದಿನದರಲ್ಲಿ ಒಂದು ಎಳೆ, ಒಟ್ಟು ಮೂರು ಪಾಲು. ಕೆನೆಯೂ ಮೂರು ಪಾಲು. ಈರುಳ್ಳಿ ಸಿಪ್ಪೆಯ ಬಣ್ಣ ಮಾತ್ರ ಎರಡೂ ಕಡೆ ಬೆರೆಯುವುದರಿಂದ ನಾಲ್ಕು ಪಾಲು. ಒಟ್ಟು 500 ಗ್ರಾಂ ದಾರ ಬೇಕಾಗುವ ಸ್ವೆಟರ್‌ಗೆ 150, 200, 150 ಗ್ರಾಂ. ಎಲ್ಲವನ್ನೂ ಒಂದೇ ಸಲ ತನ್ನಿ, ಚೀಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಶೇಡ್ ನಂಬರ್ ಒಂದೇ ಆಗಿದ್ದರೂ ಬೇರೆ ಬೇರೆ ಲಾಟಿನ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಅಂಗಡಿಯಲ್ಲಿ ಕಾಣದ ಆ ವ್ಯತ್ಯಾಸ ಬೆನ್ನ ಮೇಲೆ ಅಡ್ಡಗೆರೆಯಾಗಿ ಕಾಣುತ್ತದೆ.

ಎಳೆ ಜೋಡಿಸಿದರೆ ಸ್ವೆಟರ್ ದಪ್ಪವಾದೀತು ಎನ್ನುವವರಿಗೆ ಇನ್ನೊಂದು ದಾರಿ ಇದೆ: ಒಂದೇ ಎಳೆಯಲ್ಲಿ ಸಾಲುಗಳನ್ನು ಅದಲುಬದಲು ಮಾಡುವುದು. ನೇರಳೆ 5 ಸಾಲು, ಈರುಳ್ಳಿ ಸಿಪ್ಪೆ 1. ನೇರಳೆ 3, ಈರುಳ್ಳಿ ಸಿಪ್ಪೆ 2. ನೇರಳೆ 2, ಈರುಳ್ಳಿ ಸಿಪ್ಪೆ 3. ನೇರಳೆ 1, ಈರುಳ್ಳಿ ಸಿಪ್ಪೆ 5. ಒಟ್ಟು 22 ಸಾಲುಗಳಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತದೆ. 1, 2, 3, 5 ಎಂಬ ಈ ಸರಣಿಯನ್ನು ಜಗತ್ತು ಇಟಲಿಯ ಗಣಿತಜ್ಞ ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ಆದರೆ 1202ರ ಅವನ ಪುಸ್ತಕಕ್ಕೂ ಮುಂಚೆಯೇ ನಮ್ಮ ಛಂದಶ್ಶಾಸ್ತ್ರಜ್ಞ ಹೇಮಚಂದ್ರ, ಲಘು ಗುರುಗಳಿಂದ ಇಷ್ಟು ಮಾತ್ರೆಯ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದೆಂದು ಲೆಕ್ಕ ಹಾಕುತ್ತ ಇದೇ ಸಂಖ್ಯೆಗಳನ್ನು ಹೇಳಿದ್ದ. ಒಂದು ಎಚ್ಚರಿಕೆ: ಹಿಂದೆ ಮುಂದೆ ತಿರುಗಿಸಿ ಹೆಣೆಯುವಾಗ ಬೆಸ ಸಂಖ್ಯೆಯ ಸಾಲುಗಳಾದರೆ ಬಿಟ್ಟ ದಾರ ಆಚೆ ಅಂಚಿನಲ್ಲಿ ಉಳಿದು, ಪ್ರತಿ ಸಲ ಕತ್ತರಿಸಬೇಕಾಗುತ್ತದೆ. ಸುತ್ತು ಸುತ್ತಾಗಿ ಹೆಣೆದರೆ ಬಿಟ್ಟ ದಾರ ಬಿಟ್ಟಲ್ಲೇ ಕಾದಿರುತ್ತದೆ.

ತಪ್ಪು ಕಲ್ಪನೆ: ಶೇಡೆಡ್ ಉಂಡೆ ತಂದರೆ ಬಣ್ಣ ತಾನೇ ಹೊಂದಿಕೊಳ್ಳುತ್ತದೆ

ಶಾಲಿಗೆ, ಮಫ್ಲರಿಗೆ ಹೊಂದಿಕೊಳ್ಳುತ್ತದೆ. ಅವುಗಳ ಅಗಲ ಮೊದಲಿನಿಂದ ಕೊನೆಯವರೆಗೆ ಬದಲಾಗುವುದಿಲ್ಲ. ಸ್ವೆಟರ್ ಹಾಗಲ್ಲ. ಮೈಯ ಸುತ್ತಳತೆ 100 ಸೆಂ.ಮೀ., ತೋಳಿನದು 35 ಸೆಂ.ಮೀ. ಎಂದುಕೊಳ್ಳಿ. ಉಂಡೆಯಲ್ಲಿ ನೇರಳೆ ಇರುವಷ್ಟು ದಾರ ಮೈಯ ಸುತ್ತ 4 ಸೆಂ.ಮೀ. ಎತ್ತರದ ಪಟ್ಟಿಯಾದರೆ, ಅಷ್ಟೇ ದಾರ ತೋಳಿನಲ್ಲಿ 11 ಸೆಂ.ಮೀ. ದಾಟುತ್ತದೆ. ಮೈ ಮೇಲೆ ಸಣ್ಣ ಸಣ್ಣ ಗೆರೆ, ತೋಳಿನ ಮೇಲೆ ದೊಡ್ಡ ದೊಡ್ಡ ಕಟ್ಟು. ಎರಡು ಬೇರೆ ಸ್ವೆಟರ್‌ಗಳನ್ನು ಸೇರಿಸಿ ಹೊಲಿದಂತೆ ಕಾಣುತ್ತದೆ. ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ಸ್ವೆಟರಿನಲ್ಲಿ ಹೆಗಲು ಅಗಲವಾಗುತ್ತ ಹೋದಂತೆ ಪಟ್ಟಿಗಳು ಕಿರಿದಾಗುತ್ತ ಹೋಗುವುದೂ ಇದೇ ಕಾರಣಕ್ಕೆ.

ಅಂಥ ಉಂಡೆ ಈಗಾಗಲೇ ಮನೆಯಲ್ಲಿದ್ದರೆ ಬಿಸಾಡಬೇಕಿಲ್ಲ. ಮೈಗೆ ಹೆಚ್ಚು ಉಂಡೆ ಇಟ್ಟುಕೊಂಡು ಬಣ್ಣ ಬದಲಾಗುವಲ್ಲಿ ಕತ್ತರಿಸಿ, ಅದೇ ಬಣ್ಣವನ್ನು ಮುಂದಿನ ಉಂಡೆಯಿಂದ ಸೇರಿಸುತ್ತ ಹೋದರೆ ಪಟ್ಟಿ ಅಗಲವಾಗುತ್ತದೆ. ತೋಳುಗಳಿಗೆ ಒಂದೊಂದು ಉಂಡೆ ಬೇರೆಯೇ ಇರಲಿ, ಎರಡನ್ನೂ ಒಂದೇ ಬಣ್ಣದ ತುದಿಯಿಂದ ಆರಂಭಿಸಿ. ಒಂದನ್ನು ಉಂಡೆಯ ಒಳತುದಿಯಿಂದ, ಇನ್ನೊಂದನ್ನು ಹೊರತುದಿಯಿಂದ ಎಳೆದುಕೊಂಡರೆ ಒಂದು ತೋಳು ನೇರಳೆಯಲ್ಲಿ, ಇನ್ನೊಂದು ಕೆನೆಯಲ್ಲಿ ಶುರುವಾಗುತ್ತದೆ. ಆದರೆ ನನ್ನನ್ನು ಕೇಳಿದರೆ ಮೊದಲ ಸ್ವೆಟರ್‌ಗೆ ಸಾದಾ ಉಂಡೆಗಳೇ ಮೇಲು. ಪಟ್ಟಿ ಎಷ್ಟು ಎತ್ತರ ಇರಬೇಕೆಂಬುದನ್ನು ಆಗ ದಾರ ನಿರ್ಧರಿಸುವುದಿಲ್ಲ, ನೀವು ನಿರ್ಧರಿಸುತ್ತೀರಿ.

ತಪ್ಪು ಕಲ್ಪನೆ: ಒಂದೊಂದೂ ಚೆಂದದ ಬಣ್ಣವಾದರೆ ಸೇರಿದಾಗಲೂ ಚೆಂದ

ಈ ತಪ್ಪನ್ನು ಬಿಡಿಸಿದವರು ಬಣ್ಣ ಹಾಕುವ ಕೆಲಸದಲ್ಲೇ ಇದ್ದವರು. ಪ್ಯಾರಿಸ್ಸಿನ ಗೊಬೆಲಿನ್ಸ್ ಎಂಬ ಹೆಸರಾಂತ ಚಿತ್ರನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರೂಲ್ ಅವರ ಬಳಿ ಕಪ್ಪು ಉಣ್ಣೆದಾರದ ಬಣ್ಣ ಪೇಲವ ಎಂಬ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ಕೊರತೆಯೇ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ದಾರಗಳು ಕಪ್ಪನ್ನು ಮಂಕಾಗಿ ಕಾಣಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದರ ನೋಟವನ್ನು ಒಂದು ಹೇಗೆ ಬದಲಿಸುತ್ತವೆ ಎಂಬ ಅವರ ಗ್ರಂಥ 1839ರಲ್ಲಿ ಬಂತು, ಚಿತ್ರಕಾರರಿಗೂ ದಾರಿ ತೋರಿತು.

ನಮ್ಮ ಸ್ವೆಟರ್‌ಗೆ ಅದರಿಂದ ಎರಡು ಪಾಠ. ಕುಂಕುಮಗೆಂಪು ಮತ್ತು ಎಲೆಹಸಿರಿನಂಥ ಎದುರುಬದುರು ಬಣ್ಣಗಳ ಎಳೆಗಳನ್ನು ಜೋಡಿಸಿ ಹೆಣೆದರೆ ದೂರದಿಂದ ಎರಡೂ ಸತ್ತು ಮಣ್ಣಿನ ಬಣ್ಣ ಕಾಣುತ್ತದೆ. ಅವು ಬೇಕೇ ಬೇಕೆಂದರೆ ನಡುವೆ ಅರಿಶಿನದಂಥದ್ದೊಂದು ಬರಲಿ. ಎರಡನೆಯದು ಇನ್ನೂ ಮುಖ್ಯ. ಬಣ್ಣ ಯಾವುದು ಎನ್ನುವುದಕ್ಕಿಂತ ಎಷ್ಟು ಕಡು, ಎಷ್ಟು ತಿಳಿ ಎಂಬುದರ ಮೇಲೆ ಇಳಿತದ ನಯ ನಿಂತಿದೆ. ಆರಿಸಿದ ಉಂಡೆಗಳನ್ನು ಅಂಗಡಿಯ ಬಾಗಿಲಿಗೆ, ಹಗಲು ಬೆಳಕಿಗೆ ತಂದು ಸಾಲಾಗಿ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಬೂದು ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ತಿಳಿಯಾಗುತ್ತ ಹೋದರೆ ಆಯ್ಕೆ ಸರಿ. ಎರಡು ಉಂಡೆಗಳ ನಡುವೆ ದೊಡ್ಡ ಜಿಗಿತ ಕಂಡರೆ ಅಲ್ಲೊಂದು ನಡುಬಣ್ಣ ಬೇಕು.

ತಪ್ಪು ಕಲ್ಪನೆ: ಮಾದರಿ ತುಂಡು ಹೆಣೆಯುವುದು ದಂಡ

10 ಸೆಂ.ಮೀ.ಗೆ 14 ಹೊಲಿಗೆ ಬರುತ್ತದೆಂದು ನಂಬಿ, 100 ಸೆಂ.ಮೀ. ಸುತ್ತಳತೆಗೆ 140 ಹೊಲಿಗೆ ಹಾಕಿದಿರಿ. ನಿಮ್ಮ ಕೈ ಸ್ವಲ್ಪ ಬಿಗಿ, ನಿಜವಾಗಿ ಬರುವುದು 15. ಸ್ವೆಟರ್ ಮುಗಿದಾಗ 93 ಸೆಂ.ಮೀ. ಇರುತ್ತದೆ. ಒಂದೇ ಒಂದು ಹೊಲಿಗೆಯ ವ್ಯತ್ಯಾಸ, ಎದೆಗೆ ಏರುವುದೇ ಇಲ್ಲ. ಅಂಗೈಗಿಂತ ದೊಡ್ಡದೊಂದು ಚೌಕ ಹೆಣೆದು, ಒಗೆದು, ಒಣಗಿಸಿ ಆಮೇಲೆ ಅಳೆಯಿರಿ. ಗ್ರೇಡಿಯೆಂಟಿಗೆ ಸಾಲಿನ ಎಣಿಕೆಯೂ ಬೇಕು. 10 ಸೆಂ.ಮೀ.ಗೆ 7 ಸಾಲು ಬಂದರೆ 60 ಸೆಂ.ಮೀ. ಉದ್ದದ ಸ್ವೆಟರ್‌ಗೆ 42 ಸಾಲು, ಅಂದರೆ ಐದು ಛಾಯೆಗೆ ಎಂಟೆಂಟು ಸಾಲು, ಉಳಿದೆರಡು ಅಂಚಿಗೆ. ಎದೆಯಳತೆಗೆ 5ರಿಂದ 10 ಸೆಂ.ಮೀ. ಸಡಿಲ ಸೇರಿಸಿಕೊಳ್ಳುವುದನ್ನು ಮರೆಯಬೇಡಿ.

ತಪ್ಪು ಕಲ್ಪನೆ: ಕ್ರೋಶಾ ಬಾಗಿಲ ತೋರಣಕ್ಕೆ ಸರಿ, ಮೈಗೆ ಗಡುಸು

ಗಡುಸಾಗುವುದು ಸಣ್ಣ ಕಡ್ಡಿಯಿಂದ. ಉಂಡೆಯ ಚೀಟಿ 4 ಮಿ.ಮೀ. ಕಡ್ಡಿ ಎಂದರೆ ಬಟ್ಟೆಗೆ 5 ಅಥವಾ 5.5 ಹಿಡಿಯಿರಿ, ಒತ್ತಾದ ಸಿಂಗಲ್ ಕ್ರೋಶಾದ ಬದಲು ಡಬಲ್ ಕ್ರೋಶಾ ಹಾಕಿ. ಬಟ್ಟೆ ಮೈಗೆ ಇಳಿಬಿದ್ದು ಕೂರುತ್ತದೆ. 1840ರ ದಶಕದ ಘೋರ ಕ್ಷಾಮದಲ್ಲಿ ಐರ್ಲೆಂಡಿನ ಹೆಂಗಸರು ಕ್ರೋಶಾ ಲೇಸು ಹೆಣೆದು ಮಾರಿ ಮನೆ ನಡೆಸಿದರು; ಮುಂದೆ ಆ ಕಸುಬಿನಿಂದ ಕೋಟು, ರವಿಕೆ, ಉಡುಪುಗಳೇ ಬಂದವು. ನಮ್ಮಲ್ಲಿ ಸೀರೆಯ ಸೆರಗಿಗೆ ರೇಷ್ಮೆದಾರದಲ್ಲಿ ಕ್ರೋಶಾ ಕುಚ್ಚು ಹಾಕುವ ಸಾವಿರಾರು ಕೈಗಳಿವೆ. ಜಾರುವ ರೇಷ್ಮೆಯಲ್ಲಿ ಮಣಿ ಪೋಣಿಸಿ ಹೆಣೆಯಬಲ್ಲವರಿಗೆ ಉಲ್ಲನ್ ಏನೂ ಕಷ್ಟವಲ್ಲ. ಆಕಾರವೂ ಸರಳ: ಮುಂದೊಂದು ಹಿಂದೊಂದು ಆಯತ, ಮಣಿಕಟ್ಟಿನಿಂದ ಮೇಲಕ್ಕೆ ಅಗಲವಾಗುವ ಎರಡು ತೋಳು.

ತಪ್ಪು ಕಲ್ಪನೆ: ಬಣ್ಣ ಬದಲಿಸುವಾಗ ಗಂಟು ಹಾಕಿ ಕತ್ತರಿಸಿದರಾಯಿತು

ಗಂಟು ಒಂದು ದಿನ ಹೊರಗೆ ಇಣುಕುತ್ತದೆ, ಇಲ್ಲವೇ ಒಗೆತದಲ್ಲಿ ಬಿಚ್ಚುತ್ತದೆ. ಬಣ್ಣ ಬದಲಾಗಬೇಕಾದ ಜಾಗವೂ ಹೊಸ ಸಾಲಿನ ಮೊದಲ ಹೊಲಿಗೆಯಲ್ಲ, ಹಳೆಯ ಸಾಲಿನ ಕೊನೆಯ ಹೊಲಿಗೆ. ಡಬಲ್ ಕ್ರೋಶಾದಲ್ಲಿ ದಾರ ಸುತ್ತಿ, ಕಡ್ಡಿ ತೂರಿಸಿ, ಎಳೆದುಕೊಂಡಾಗ ಕಡ್ಡಿಯ ಮೇಲೆ ಮೂರು ಕುಣಿಕೆ. ದಾರ ಸುತ್ತಿ ಎರಡರಿಂದ ಹೊರಗೆಳೆದರೆ ಎರಡು ಕುಣಿಕೆ ಉಳಿಯುತ್ತವೆ. ಇಲ್ಲಿ ನಿಲ್ಲಿ. ಹಳೆಯ ಎಳೆ ಬಿಟ್ಟು ಹೊಸ ಬಣ್ಣವನ್ನು ಕಡ್ಡಿಗೆ ಸಿಕ್ಕಿಸಿ, ಆ ಎರಡು ಕುಣಿಕೆಗಳಿಂದ ಎಳೆಯಿರಿ. ಹೊಲಿಗೆ ಹಳೆಯ ಬಣ್ಣದ್ದು, ಕಡ್ಡಿಯ ಮೇಲೆ ಉಳಿದ ಕುಣಿಕೆ ಹೊಸ ಬಣ್ಣದ್ದು. ಮುಂದಿನ ಸಾಲು ಚುಕ್ಕೆಯಿಲ್ಲದೆ ಶುದ್ಧವಾಗಿ ಬರುತ್ತದೆ. ತುದಿಗಳನ್ನು ಗೇಣುದ್ದ ಬಿಟ್ಟು, ದಪ್ಪ ಸೂಜಿಯಿಂದ ಒಮ್ಮೆ ಅತ್ತ ಒಮ್ಮೆ ಇತ್ತ ಅದೇ ಬಣ್ಣದ ಹೊಲಿಗೆಗಳೊಳಗೆ ಅಡಗಿಸಿ.

ತಪ್ಪು ಕಲ್ಪನೆ: ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲ

ಹತ್ತಿಗೆ ಬಣ್ಣ ಹಾಕುವ ಹೊತ್ತಿನಲ್ಲಿ ಬಣ್ಣ ನೂಲಿನತ್ತ ಸರಿಯಲು ಉಪ್ಪು ನೆರವಾಗುತ್ತದೆ. ಆಗಲೇ ಬಣ್ಣ ಹಾಕಿ ಮುಗಿಸಿದ ದಾರದಲ್ಲಿ ಸಡಿಲವಾಗಿರುವುದನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಒಗೆದ ಮಾದರಿ ತುಂಡನ್ನು ಬಿಳಿ ಬಟ್ಟೆಯ ಮೇಲೆ ಒಣಗಿಸಿ ನೋಡಿ. ಕಲೆ ಬಿದ್ದರೆ ಆ ಬಣ್ಣವನ್ನು ಕೆನೆಯ ಪಕ್ಕ ಇಡಬೇಡಿ. ಇನ್ನು, ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಅದು ಉಣ್ಣೆಯಂತೆ ಬಿಸಿನೀರಿನಲ್ಲಿ ಕುಗ್ಗಿ ಗಟ್ಟಿಯಾಗದು. ಆದರೆ ಕಾದ ಇಸ್ತ್ರಿಪೆಟ್ಟಿಗೆ ತಾಗಿದರೆ ಎಳೆಗಳು ಕರಗಿ ಜೋಲುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ಒದ್ದೆ ಸ್ವೆಟರನ್ನು ಹಗ್ಗಕ್ಕೆ ನೇತುಹಾಕದೆ ಟವೆಲಿನ ಮೇಲೆ ಹರವಿ ಒಣಗಿಸಿ.

ತಪ್ಪು ಕಲ್ಪನೆ: ಮಿಷನ್ ಕ್ರೋಶಾ ಅಗ್ಗಕ್ಕೆ ಸಿಗುವಾಗ ಕೈಯಲ್ಲಿ ಹೆಣೆಯುವುದೇಕೆ

ಹೆಣಿಗೆಯ ಸ್ವೆಟರ್‌ಗೆ ಯಂತ್ರವಿದೆ. ಕೈಯ ಕ್ರೋಶಾವನ್ನು ಹಾಗೆಯೇ ಹೆಣೆದು ಬಟ್ಟೆ ತಯಾರಿಸುವ ಯಂತ್ರ ಮಾರುಕಟ್ಟೆಯ ಉತ್ಪಾದನೆಗೆ ಬಂದಿಲ್ಲ. ಕ್ರೋಶಾದ ಹೆಸರಿನ ಯಂತ್ರಗಳು ಹೆಣೆಯುವುದು ಅದನ್ನು ಹೋಲುವ ಬೇರೆ ಬಗೆಯ ಬಟ್ಟೆಯನ್ನು. ಅಂಗಡಿಯಲ್ಲಿ ನಿಜವಾದ ಕ್ರೋಶಾ ಉಡುಪು ತೂಗುತ್ತಿದ್ದರೆ ಅದನ್ನು ಯಾರೋ ಒಬ್ಬರು ಕೂತು ಹೊಲಿಗೆ ಹೊಲಿಗೆಯಾಗಿ ಹೆಣೆದಿದ್ದಾರೆ. ಆಂಧ್ರದ ನರಸಾಪುರದ ಕ್ರೋಶಾ ಲೇಸು ಹೆಣೆಯುವ ಹೆಂಗಸರ ಬಗ್ಗೆ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರ ಅಧ್ಯಯನ 1982ರಲ್ಲಿ ಪುಸ್ತಕವಾಗಿ ಬಂತು. ದಿನದ ಬಹುಭಾಗ ವಿದೇಶಿ ಮಾರುಕಟ್ಟೆಗಾಗಿ ದುಡಿಯುತ್ತಿದ್ದವರನ್ನು ಬಿಡುವಿನಲ್ಲಿ ಕೂತ ಗೃಹಿಣಿಯರೆಂದೇ ಎಣಿಸಿ ಚೂರುಪಾರು ಕೂಲಿ ಕೊಟ್ಟದ್ದನ್ನು ಅದು ಬಿಚ್ಚಿಟ್ಟಿತು. ತನಗಾಗಿ ಒಂದು ಸ್ವೆಟರ್ ಹೆಣೆದುಕೊಂಡವರಿಗೆ ಒಂದು ತೋಳಿಗೆ ಎಷ್ಟು ಸಂಜೆ ಬೇಕು ಎಂಬುದು ಗೊತ್ತಿರುತ್ತದೆ. ಮುಂದೆ ಮೇಳದಲ್ಲೋ ಪಕ್ಕದ ಬೀದಿಯಲ್ಲೋ ಕ್ರೋಶಾ ಮಾರುವವರು ಸಿಕ್ಕಾಗ ಮಿಷನ್ ಸ್ವೆಟರಿನ ದರಕ್ಕೆ ಚೌಕಾಸಿ ಮಾಡಬೇಡಿ; ಅವರು ಹೇಳಿದ ಬೆಲೆ ಕೊಡಿ.