ಆಸ್ಟ್ರೇಲಿಯಾದ ಹೆಸರು ಹೊತ್ತ ಕಾಮಾಲೆ

ಕಾಂಗರೂ, ಕ್ರಿಕೆಟ್ಟು ಬಿಟ್ರೆ ಈ ದೇಶಕ್ಕೆ ಇನ್ನೊಂದು ಕೀರ್ತಿನೂ ಇದೆ, ಗೊತ್ತಾ? ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಮೊದಲು ಸಿಕ್ಕಿದ್ದು ಇಲ್ಲಿಯ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಅಮೆರಿಕದ ಬರೂಕ್ ಬ್ಲುಂಬರ್ಗ್ ಅದಕ್ಕೆ 'ಆಸ್ಟ್ರೇಲಿಯಾ ಆಂಟಿಜನ್' ಅಂತ ಹೆಸರಿಟ್ಟು 1965ರಲ್ಲಿ ಪ್ರಕಟಿಸಿದಾಗ, ರಕ್ತಕ್ಯಾನ್ಸರಿಗೇನೋ ಸಂಬಂಧ ಇರಬೇಕು ಅಂದುಕೊಂಡಿದ್ದರು. ಕಾಮಾಲೆಯ ನಂಟು ತಿಳಿದದ್ದು ಆಮೇಲೆ. 1976ರಲ್ಲಿ ಅವರಿಗೆ ನೊಬೆಲ್ ಬಂತು. ರಕ್ತ ಕೊಟ್ಟವರಿಗೆ ಏನು ಬಂತೋ!

ಇಲ್ಲಿ ಬೆಂಟ್ಲಿಯಲ್ಲಿ ಕರ್ಟಿನ್ ವಿಶ್ವವಿದ್ಯಾಲಯ ಇರೋದರಿಂದ ಊರಿನ ಹುಡುಗ ಹುಡುಗಿಯರು ಸಿಗ್ತಾನೇ ಇರ್ತಾರೆ. ಕಾಮಾಲೆ ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಕೊಳಕು ನೀರು, ಪಾನಿಪೂರಿ. ಅದು ಎ ಮತ್ತು ಇ ಮಾತಾಯ್ತು. ಬಿ ಹರಡೋದು ರಕ್ತದಿಂದ, ವೀರ್ಯದಿಂದ, ಯೋನಿಸ್ರಾವದಿಂದ. ಲಸಿಕೆ ಇಲ್ಲದವರಿಗೆ ಸಂಭೋಗದಿಂದ ಸಲೀಸಾಗಿ ಅಂಟುತ್ತೆ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ ಬರಲ್ಲ. ಸಿ ಮುಖ್ಯವಾಗಿ ರಕ್ತದ್ದು. ಗಂಡುಹೆಣ್ಣಿನ ಕೂಟದಲ್ಲಿ ಅಪರೂಪ, ಎಚ್.ಐ.ವಿ. ಇರುವ ಸಲಿಂಗಿ ಗಂಡಸರಲ್ಲಿ ಹೆಚ್ಚು. ಅದಕ್ಕೀಗ ಎಂಟು-ಹನ್ನೆರಡು ವಾರಗಳ ಮಾತ್ರೆಯಲ್ಲೇ ಗುಣ ಇದೆ.

ನನಗೆ ಸಂಕಟ ಆಗೋದು ಬೇರೆ ಕಡೆ. ಮದುವೆ ಗೊತ್ತಾದ ಹುಡುಗನಿಗೋ, ಬಸುರಿ ಹೆಂಗಸಿಗೋ ರಕ್ತಪರೀಕ್ಷೆಯಲ್ಲಿ 'ಬಿ ಪಾಸಿಟಿವ್' ಅಂತ ಬಂತು ಅನ್ನಿ (ರಕ್ತದ ಗುಂಪಲ್ಲ ಮಾರಾಯ್ರೆ!). ತಕ್ಷಣ ಮನೆಯವರ ಕಣ್ಣು ಹೋಗೋದು ನಡತೆ ಮೇಲೆ. ಆದರೆ ಲೆಕ್ಕ ನೋಡಿ. ದೊಡ್ಡವರಿಗೆ ಸೋಂಕು ತಗುಲಿದರೆ ನೂರಕ್ಕೆ ಸುಮಾರು 95 ಜನರ ದೇಹ ತಾನೇ ಅದನ್ನು ತೊಲಗಿಸುತ್ತೆ. ಹೆರಿಗೆ ಹೊತ್ತಿಗೆ ತಾಯಿಯಿಂದ ಕೂಸಿಗೆ ಬಂದರೆ ಸುಮಾರು 90 ಜನರಲ್ಲಿ ಬೀಡುಬಿಡುತ್ತೆ. ಭಾರತದಲ್ಲಿ ಈ ಲಸಿಕೆ ಎಲ್ಲ ರಾಜ್ಯಗಳ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದೇ 2011ರಲ್ಲಿ. ಹಾಗಾಗಿ ಹಳೇ ಸೋಂಕು ಇದ್ದವರು ಅದನ್ನು ತೊಟ್ಟಿಲಿನಿಂದಲೇ ಹೊತ್ತು ತಂದಿರೋ ಸಂಭವವೇ ಜಾಸ್ತಿ. ಜಾತಕ ಹೊಂದಿಸೋರು ಇದನ್ನೂ ಸ್ವಲ್ಪ ಓದ್ಲಿ.

ಒಂದರ ಜೊತೆ ಇನ್ನೊಂದು ಸೇರಿದ್ರೆ ಕಷ್ಟ ಹೆಚ್ಚು. ಡೆಲ್ಟಾ ಅನ್ನೋ ಡಿ ವೈರಸ್ಸು ಪರಾವಲಂಬಿ, ಬಿ ಇಲ್ಲದೆ ಬದುಕಲ್ಲ, ಆದರೆ ಬಿ ಇದ್ದವರ ಮೈ ಸೇರಿದರೆ ಲಿವರ್ ಬೇಗ ಹಾಳು. ಎಚ್.ಐ.ವಿ. ಜೊತೆಗಿದ್ದರೂ ಹಾಗೇ. ಟೆನೊಫೊವಿರ್ ಎರಡಕ್ಕೂ ಕೆಲಸ ಮಾಡುತ್ತೆ ಅನ್ನೋದೊಂದು ಸಮಾಧಾನ. ಆದ್ರೆ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಬಿ ಕೆರಳಿ ನಿಲ್ಲಬಹುದು.

ಇನ್ನು ಊರಿಂದ ಬರೋ ಸಲಹೆ, ಕಿರುನೆಲ್ಲಿ! ನಗಬೇಡಿ, 1988ರಲ್ಲಿ ಮದರಾಸಿನ ತ್ಯಾಗರಾಜನ್ ಜೊತೆ ಇದೇ ಬ್ಲುಂಬರ್ಗ್ ಅದನ್ನು ಪರೀಕ್ಷಿಸಿ 'ಲಾನ್ಸೆಟ್'ನಲ್ಲಿ ಬರೆದಿದ್ದರು. ಆಸೆ ಹುಟ್ಟಿಸುವ ಫಲಿತಾಂಶವೇ. ಮುಂದಿನ ಪ್ರಯೋಗಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ.

ಸಂಗಾತಿಗೆ ಸೋಂಕಿದ್ದರೆ ಮದುವೆ ಮುರಿಯೋ ಅಗತ್ಯ ಏನಿಲ್ಲ. ಇನ್ನೊಬ್ಬರು ರಕ್ತಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಬೇಕು, ಅದು ಹಿಡಿಯೋವರೆಗೆ ಕಾಂಡೋಮ್. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಚುಚ್ಚು. ಡಿಸೆಂಬರಿನಲ್ಲಿ ಮುಹೂರ್ತ ಇದ್ದರೆ ಜೂನ್ ಒಳಗೇ ಶುರುಮಾಡಿ.