ಬೆಂಕಿ ನಂದಿಸುವವರ ಸೊಂಟಕ್ಕೆ ಪಿಸ್ತೂಲು ಬೇಕೆ?

2012ರ ಡಿಸೆಂಬರ್ 24, ಕ್ರಿಸ್‌ಮಸ್‌ನ ಮುನ್ನಾದಿನ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಬ್‌ಸ್ಟರ್ ಎಂಬ ಪುಟ್ಟ ಪಟ್ಟಣದಲ್ಲಿ, ಒಂಟಾರಿಯೊ ಸರೋವರದ ದಂಡೆಯ ಮನೆಯೊಂದಕ್ಕೆ ಬೆಂಕಿ ಬಿದ್ದಿದೆಯೆಂದು ನಸುಕಿನಲ್ಲಿ ಕರೆ ಬಂತು. ಸ್ವಯಂಸೇವಕರೇ ಇರುವ ಅಗ್ನಿಶಾಮಕ ದಳ ಅದು. ವಾಹನದಿಂದ ಕೆಳಗಿಳಿಯುತ್ತಿದ್ದಂತೆ ಮಣ್ಣಿನ ದಿಬ್ಬದ ಮರೆಯಿಂದ ಗುಂಡುಗಳು ಹಾರಿಬಂದವು. ಇಬ್ಬರು ಸತ್ತರು, ಇನ್ನಿಬ್ಬರು ತೀವ್ರವಾಗಿ ಗಾಯಗೊಂಡರು. ಬೆಂಕಿಯ ಹತ್ತಿರ ಹೋಗಲು ಯಾರಿಗೂ ಸಾಧ್ಯವಾಗದೆ ಏಳು ಮನೆಗಳು ಸುಟ್ಟುಹೋದವು. ಬೆಂಕಿ ಹಚ್ಚಿದವನೇ ಗುಂಡು ಹಾರಿಸಿದವನು. 1980ರಲ್ಲಿ ಸ್ವಂತ ಅಜ್ಜಿಯನ್ನು ಕೊಂದು ಜೈಲುವಾಸ ಅನುಭವಿಸಿದ್ದ ಆತನಿಗೆ ಕಾನೂನಿನ ಪ್ರಕಾರ ಬಂದೂಕು ಹೊಂದುವ ಅರ್ಹತೆಯೇ ಇರಲಿಲ್ಲ. ಬೇರೊಬ್ಬರ ಹೆಸರಿನಲ್ಲಿ ಕೊಂಡ ಅರೆ ಸ್ವಯಂಚಾಲಿತ ರೈಫಲ್ ಆತನ ಕೈಯಲ್ಲಿತ್ತು.

2025ರ ಜೂನ್ 29ರಂದು ಇಡಾಹೊ ರಾಜ್ಯದ ಕರ್ಡಲೇನ್ ನಗರದ ಬಳಿಯ ಬೆಟ್ಟದಲ್ಲಿ ಇಂಥದೇ ಘಟನೆ ಮರುಕಳಿಸಿತು. ಕುರುಚಲು ಗಿಡಗಳಿಗೆ ಬೆಂಕಿಯಿಟ್ಟ 20 ವರ್ಷದ ಯುವಕನೊಬ್ಬ ನಂದಿಸಲು ಬಂದವರ ಮೇಲೆಯೇ ಗುಂಡು ಹಾರಿಸಿದ. ಇಬ್ಬರು ಹಿರಿಯ ಅಧಿಕಾರಿಗಳು ಪ್ರಾಣ ಕಳೆದುಕೊಂಡರು.

ಇಂತಹ ಪ್ರತಿಯೊಂದು ಘಟನೆಯ ನಂತರ ಅಮೆರಿಕದಲ್ಲಿ ಒಂದು ಬೇಡಿಕೆ ಮೇಲೇಳುತ್ತದೆ: ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಗೆ ಕರ್ತವ್ಯದ ವೇಳೆ ಬಂದೂಕು ಇಟ್ಟುಕೊಳ್ಳಲು ಅವಕಾಶವಿರಲಿ. ಟೆಕ್ಸಾಸ್ ರಾಜ್ಯವು 2021ರಲ್ಲಿ ಸಣ್ಣ ಊರುಗಳಿಗೆ ಹಾಗೂ ಗ್ರಾಮೀಣ ಪ್ರದೇಶಗಳಿಗೆ ಸೀಮಿತವಾಗಿ, ಪರವಾನಗಿಯೂ ತರಬೇತಿಯೂ ಉಳ್ಳವರಿಗೆ ಇಂಥ ಅವಕಾಶ ನೀಡುವ ಕಾನೂನು ಮಾಡಿತು. ಈ ಬೇಡಿಕೆಯನ್ನು ಬಂದೂಕಿನ ಹುಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ಪೊಲೀಸ್ ನೆರವು ಬಲು ದೂರದಲ್ಲಿರುವ ಹಳ್ಳಿಗಾಡಿನಲ್ಲಿ, ಅಪರಿಚಿತರ ಮನೆಗೆ ನಡುರಾತ್ರಿ ಇಬ್ಬರೇ ಹೋಗಬೇಕಾದ ಆಂಬುಲೆನ್ಸ್ ನೌಕರರ ಭಯ ನಿಜವಾದದ್ದು. ಅಮಲಿನಲ್ಲಿರುವ ರೋಗಿಯಿಂದ, ಉದ್ರಿಕ್ತ ಬಂಧುಗಳಿಂದ ಹೊಡೆತ ತಿನ್ನುವುದು ಅವರ ಪಾಲಿಗೆ ಅಪರೂಪದ ಸಂಗತಿಯಲ್ಲ. ನಮ್ಮಲ್ಲಿಯೂ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತಷ್ಟೆ.

ಆದರೆ ಪಿಸ್ತೂಲು ಈ ಅಪಾಯಕ್ಕೆ ಉತ್ತರವೇ? ವೆಬ್‌ಸ್ಟರ್‌ನಲ್ಲಿ ಮಡಿದ ಇಬ್ಬರಲ್ಲಿ ಒಬ್ಬರು ವೃತ್ತಿಯಿಂದ ಅದೇ ಪಟ್ಟಣದ ಪೊಲೀಸ್ ಲೆಫ್ಟಿನೆಂಟ್. ಬಂದೂಕಿನ ಬಳಕೆ ಅವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ. ಮರೆಯಲ್ಲಿ ಹೊಂಚುಹಾಕಿ ರೈಫಲ್‌ನಿಂದ ಗುರಿಯಿಡುವವನೆದುರು, ದಪ್ಪ ಕೈಗವಸು, ಶಿರಸ್ತ್ರಾಣ, ಬೆನ್ನ ಮೇಲೆ ಉಸಿರಾಟದ ಸಿಲಿಂಡರು ಹೊತ್ತು ಇಳಿಯುವ ಮನುಷ್ಯನ ಸೊಂಟದ ಪಿಸ್ತೂಲು ಏನು ಮಾಡೀತು? ಇನ್ನು ಆಂಬುಲೆನ್ಸಿನ ಇಕ್ಕಟ್ಟಿನಲ್ಲಿ, ರೋಗಿಯ ಎದೆ ಒತ್ತಲು ಬಾಗಿದವರ ಸೊಂಟದಿಂದ ಅದನ್ನು ಕಿತ್ತುಕೊಳ್ಳುವುದು ರೋಗಿಗೇ ಸುಲಭ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಸಹಜವಾಗಿ ಲೆಕ್ಕವೊಂದು ಹೊಳೆಯುತ್ತದೆ. ಹೊಂಚುದಾಳಿ ಬಲು ವಿರಳ. ಆಯುಧ ಜೊತೆಗಿರುವುದರ ಅಪಾಯವಾದರೋ ದಿನದ ಪ್ರತಿ ಪಾಳಿಯಲ್ಲೂ, ಪ್ರತಿ ಕರೆಯಲ್ಲೂ ಇದ್ದೇ ಇರುತ್ತದೆ.

ಈ ಲೆಕ್ಕಕ್ಕಿಂತಲೂ ಮುಖ್ಯವಾದ ವಿಚಾರ ಬೇರೆಯಿದೆ. ಅಗ್ನಿಶಾಮಕ ದಳದವರು ಎಲ್ಲರ ಮನೆಗೂ ಹೋಗಬಲ್ಲರು. ಯಾರೂ ಅವರ ಬಳಿ ವಾರಂಟ್ ಕೇಳುವುದಿಲ್ಲ. ಅವರು ಬಂಧಿಸಲು ಬಂದವರಲ್ಲ ಎಂಬ ನಂಬಿಕೆಯೇ ಅವರ ರಹದಾರಿ. ಇದನ್ನು ಕಳೆದುಕೊಂಡರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಚರಿತ್ರೆಯಲ್ಲೇ ನಿದರ್ಶನವಿದೆ. 1963ರ ಮೇ ತಿಂಗಳಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಮಾನ ಹಕ್ಕುಗಳಿಗಾಗಿ ಮೆರವಣಿಗೆ ಹೊರಟ ಕಪ್ಪು ಜನಾಂಗದ ಶಾಲಾಮಕ್ಕಳನ್ನು ಚದುರಿಸಲು ಬಳಸಿದ್ದು ಪೊಲೀಸ್ ನಾಯಿಗಳನ್ನು ಮಾತ್ರವಲ್ಲ, ಅಗ್ನಿಶಾಮಕ ದಳದ ಕೊಳವೆಗಳನ್ನೂ. ನಗರದ ಸಾರ್ವಜನಿಕ ಸುರಕ್ಷತಾ ಆಯುಕ್ತ ಬುಲ್ ಕಾನರ್‌ನ ಕೈಕೆಳಗೆ ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳೆರಡೂ ಇದ್ದವು. ನೀರಿನ ಹೊಡೆತಕ್ಕೆ ಮಕ್ಕಳು ರಸ್ತೆಯ ಮೇಲೆ ಉರುಳಿಬಿದ್ದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾದವು. ಮನೆ ಉಳಿಸಲು ಬರುವ ನೀರು ಮೈಮೇಲೆ ಎರಗುವ ನೀರೂ ಆಗಬಲ್ಲದೆಂಬುದನ್ನು ಆ ಬಡಾವಣೆಗಳ ಜನ ಕಣ್ಣಾರೆ ಕಂಡರು. ನಾಲ್ಕು ವರ್ಷಗಳ ಬಳಿಕ, 1967ರ ಡೆಟ್ರಾಯಿಟ್ ಗಲಭೆಯಲ್ಲಿ ಬೆಂಕಿ ನಂದಿಸಲು ಹೋದವರ ಮೇಲೆ ಕಲ್ಲುಗಳೂ ಗುಂಡುಗಳೂ ಬಿದ್ದವು. ಒಂದರಿಂದಲೇ ಇನ್ನೊಂದಾಯಿತೆಂದು ನಾನು ಹೇಳಲಾರೆ. ಆದರೆ ಪ್ರಭುತ್ವದ ಕೈ ಯಾವುದು, ನೆರವಿನ ಕೈ ಯಾವುದು ಎಂಬ ಗುರುತು ಅಳಿಸಿದ ಮೇಲೆ ರೊಚ್ಚಿಗೆದ್ದ ಗುಂಪು ವ್ಯತ್ಯಾಸ ಎಣಿಸುತ್ತ ಕೂರುವುದಿಲ್ಲ.

ಇದು ನನಗೆ ಪುಸ್ತಕದಿಂದಷ್ಟೇ ತಿಳಿದ ಮಾತಲ್ಲ. 1990ರ ದಶಕದ ಆರಂಭದಲ್ಲಿ ನಾನು ಉಪವಿಭಾಗವೊಂದರ ದಂಡಾಧಿಕಾರಿಯಾಗಿದ್ದಾಗ ಪೇಟೆಬೀದಿಯಲ್ಲಿ ಗಲಭೆಯಾಗಿ ಅಂಗಡಿಗಳಿಗೆ ಬೆಂಕಿ ಬಿತ್ತು. ಅಕ್ರಮ ಕೂಟವನ್ನು ಚದುರಿಸುವ ಆದೇಶ ನೀಡುವ ಹೊಣೆ ಕಾರ್ಯನಿರ್ವಾಹಕ ದಂಡಾಧಿಕಾರಿಯದು. ಅಂದು ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮು, 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 148. ಪೊಲೀಸರೊಂದಿಗೆ ಹೊರಟ ನನ್ನ ಜೀಪಿನ ಗಾಜು ಆಗಲೇ ಪುಡಿಯಾಗಿತ್ತು. ಅಗ್ನಿಶಾಮಕ ವಾಹನಕ್ಕೆ ಬೆಂಗಾವಲಾಗಿ ಬರುವೆವೆಂದು ನಾನೆಂದಾಗ ಠಾಣಾಧಿಕಾರಿ ಕೈಮುಗಿದು, ‘ನಿಮ್ಮ ಜೀಪು ಹಿಂದೆಯೇ ಇರಲಿ ಸಾರ್. ನೀವು ಜೊತೆಗೆ ಬಂದರೆ ಕಲ್ಲು ನಮಗೂ ಬೀಳುತ್ತೆ’ ಎಂದರು. ನನಗೆ ತುಸು ಅವಮಾನವೆನಿಸಿದ್ದು ನಿಜ. ಆದರೆ ನಮ್ಮನ್ನು ತಡೆದ ಗುಂಪು ಕೆಂಪು ವಾಹನಕ್ಕೆ ದಾರಿ ಬಿಟ್ಟಿತು. ಕೊಳವೆ ಎಳೆಯಲು ನಾಲ್ಕಾರು ಹುಡುಗರು ಕೈಯನ್ನೂ ಜೋಡಿಸಿದರು. ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ಸೇವೆ ಗೃಹ ಇಲಾಖೆಯ ಅಧೀನದಲ್ಲೇ ಇದೆ, ಅದರ ಮುಖ್ಯಸ್ಥರೂ ಪೊಲೀಸ್ ಅಧಿಕಾರಿಯೇ. ಆದರೂ ಬೀದಿಯ ಜನ ಇವರನ್ನು ಬೇರೆಯೆಂದೇ ಕಾಣುತ್ತಾರೆ.

ನನ್ನ ವಾದಕ್ಕೆ ಆಕ್ಷೇಪವೊಂದನ್ನು ಎತ್ತಬಹುದು. 1949ರ ಜಿನೀವಾ ಒಪ್ಪಂದವು ಯುದ್ಧಭೂಮಿಯ ವೈದ್ಯಕೀಯ ಸಿಬ್ಬಂದಿ ತಮ್ಮ ಹಾಗೂ ಗಾಯಾಳುಗಳ ರಕ್ಷಣೆಗೆ ಶಸ್ತ್ರ ಹೊಂದುವುದನ್ನು ಒಪ್ಪುತ್ತದೆ, ಅಷ್ಟಕ್ಕೇ ಅವರ ಕಾನೂನುಬದ್ಧ ರಕ್ಷಣೆ ತಪ್ಪುವುದಿಲ್ಲ. ನಿಜ. ಆದರೆ ಅವರು ಹೆಚ್ಚಾಗಿ ಒಂದು ಸೇನೆಗೆ ಸೇರಿದವರು, ಎದುರಿಗಿರುವುದೂ ಸೇನೆ. ಎರಡೂ ಕಡೆಯವರ ನಡುವೆ ಓಡಾಡಬೇಕಾದ ರೆಡ್‌ಕ್ರಾಸ್ ಸಂಸ್ಥೆಯ ಪ್ರತಿನಿಧಿಗಳು ಮಾತ್ರ ನಿರಾಯುಧರಾಗಿಯೇ ಹೋಗುತ್ತಾರೆ. ನಗರದ ಅಗ್ನಿಶಾಮಕ ದಳದವರ ಕೆಲಸ ಹೆಚ್ಚು ಹೋಲುವುದು ಇವರದನ್ನೇ.

ಹಾಗೆಂದು ಸಿಬ್ಬಂದಿಯನ್ನು ಬರಿಗೈಯಲ್ಲಿ ಗುಂಡಿನೆದುರು ಕಳುಹಿಸಬೇಕೆಂದಲ್ಲ. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದಾಗ, ಕಟ್ಟಡ ಸುರಕ್ಷಿತವೆಂದು ಖಚಿತವಾಗುವ ತನಕ ವೈದ್ಯಕೀಯ ನೆರವು ಹೊರಗೇ ನಿಂತಿತ್ತು. ಗುಂಡೇಟು ತಿಂದ ಶಿಕ್ಷಕರೊಬ್ಬರು ಸುಮಾರು ಮೂರು ಗಂಟೆಗಳ ಕಾಲ ರಕ್ತ ಸುರಿಸಿ ಒಳಗೇ ಅಸುನೀಗಿದರು. ಆ ನಂತರದ ವರ್ಷಗಳಲ್ಲಿ ವರ್ಜೀನಿಯಾದ ಆರ್ಲಿಂಗ್ಟನ್ ಕೌಂಟಿಯಂಥ ಕಡೆ ಹೊಸ ಕ್ರಮವೊಂದು ರೂಪುಗೊಂಡು ಬೇರೆಡೆಗೂ ಹರಡಿತು. ದಾಳಿಕೋರ ಇಲ್ಲವೆಂದು ತೋರಿದರೂ ಪೂರ್ತಿ ಶೋಧಿಸಿರದ ಭಾಗಕ್ಕೆ ಪೊಲೀಸರ ಕಾವಲಿನಲ್ಲಿ ವೈದ್ಯಕೀಯ ಸಿಬ್ಬಂದಿ ಹೋಗುತ್ತಾರೆ. ಅವರ ಮೈಮೇಲೆ ಗುಂಡುನಿರೋಧಕ ಕವಚ, ಚೀಲದಲ್ಲಿ ರಕ್ತಸ್ರಾವ ನಿಲ್ಲಿಸುವ ಪಟ್ಟಿಗಳು. ಬಂದೂಕು ಕಾವಲಿನವರ ಕೈಯಲ್ಲಿ ಮಾತ್ರ.

ನನ್ನ ಜೀಪನ್ನು ಹಿಂದೆ ನಿಲ್ಲಿಸಿದ ಆ ಠಾಣಾಧಿಕಾರಿ ಇಂಥ ಕಡೆ ಇದ್ದಿದ್ದರೆ ಪೊಲೀಸರನ್ನು ಮುಂದೆ ಕಳುಹಿಸಿ ತಾವು ಹಿಂದೆ ನಡೆಯುತ್ತಿದ್ದರೆಂದೇ ನನ್ನ ಎಣಿಕೆ. ಗಲಭೆಯ ಬೀದಿ ಬೇರೆ, ಬಂದೂಕುಧಾರಿ ಅಡಗಿರುವ ಕಟ್ಟಡ ಬೇರೆ. ಎಲ್ಲಿ ಕಾವಲು ಬೇಕು, ಎಲ್ಲಿ ಬೇಡ ಎಂಬ ತೀರ್ಮಾನ ಸ್ಥಳದಲ್ಲಿರುವ ಅಧಿಕಾರಿಯದಾಗಿರಬೇಕು. ಬೇಡವೆಂದಾಗ ಕಾವಲಿನವರು ಹಿಂದೆ ಸರಿಯಬಹುದು. ಸೊಂಟಕ್ಕೇ ಕಟ್ಟಿದ ಪಿಸ್ತೂಲನ್ನು ಜನರ ಎದುರಿನಲ್ಲಿ ಬಿಚ್ಚಿಡುವುದು ಹೇಗೆ?