ಟಿ.ವಿ.ಯ ಮನೆ ಮತ್ತು ರಾಯಚೂರಿನ ಮನೆ: ಖರ್ಚಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಹಳೆಯ ಮನೆಯನ್ನು ಕೆಲವೇ ದಿನಗಳಲ್ಲಿ ಹೊಸದು ಮಾಡಿ ತೋರಿಸುವ ಕಾರ್ಯಕ್ರಮಗಳು ಇಂದು ಟಿ.ವಿ.ಯಲ್ಲೂ ಮೊಬೈಲಿನಲ್ಲೂ ಧಾರಾಳವಾಗಿ ಸಿಗುತ್ತವೆ. ಗೋಡೆ ಒಡೆದು, ಬಣ್ಣ ಬಳಿದು, ಹೊಸ ಅಡುಗೆಮನೆ ತೋರಿಸಿ, ಕೊನೆಗೆ ಒಂದು ಮೊತ್ತವನ್ನೂ ಹೇಳುತ್ತಾರೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮೊತ್ತವನ್ನೇ ನಂಬಿ ನಾವು ಮನೆ ಕೆಲಸಕ್ಕೆ ಕೈಹಾಕಿದಾಗ, ಅಥವಾ ಬಡವರ ಮನೆಗೆ ಸಹಾಯಧನ ನಿಗದಿ ಮಾಡಿದಾಗ ತೊಂದರೆ ಆರಂಭವಾಗುತ್ತದೆ.

ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಡುವುದು ಕರಾವಳಿಯ ಧರ್ಮಕೇಂದ್ರಗಳಲ್ಲಿ ಹೊಸ ವಿಷಯವಲ್ಲ. ಈ ನೆರವು ಘಟ್ಟ ದಾಟಿ ಹೋಗುವುದೂ ಉಂಟು. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು ಜಿಲ್ಲೆಯಲ್ಲಿ ಕರಾವಳಿ ಮೂಲದ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸುತ್ತಾ ಬಂದಿದ್ದಾರೆ. ಅಲ್ಲಿಂದ ಮನೆ ದುರಸ್ತಿಗೆ ಮನವಿ ಬಂದಾಗ "ಇಷ್ಟು ಚಿಕ್ಕ ಮನೆಗೆ ಇಷ್ಟೊಂದು ಹಣ ಬೇಕೇ?" ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಉತ್ತರ ತಿಳಿಯಬೇಕಾದರೆ ಮೊದಲು ಪರದೆಯ ಮೇಲಿನ ಲೆಕ್ಕವನ್ನು, ನಂತರ ರಾಯಚೂರಿನ ನೆಲವನ್ನು ನೋಡಬೇಕು.

ಪರದೆಯ ಮೇಲಿನ ಮೊತ್ತ

ಈ ಬಗೆಯ ಕಾರ್ಯಕ್ರಮಗಳಲ್ಲಿ ಹೆಸರುವಾಸಿಯಾದುದು ಅಮೆರಿಕದ ಎಬಿಸಿ ವಾಹಿನಿಯಲ್ಲಿ 2003ರಿಂದ 2012ರವರೆಗೆ ಬಂದ 'ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್'. ಕಷ್ಟದಲ್ಲಿರುವ ಕುಟುಂಬಕ್ಕೆ ಏಳು ದಿನಗಳಲ್ಲಿ ಮನೆ ಸಿದ್ಧವಾಗುತ್ತಿತ್ತು. ಕುಟುಂಬಕ್ಕೆ ಖರ್ಚಿಲ್ಲ. ಆದರೆ ಖರ್ಚೇ ಇರಲಿಲ್ಲವೆಂದು ಅರ್ಥವಲ್ಲ. ಸ್ಥಳೀಯ ಬಿಲ್ಡರುಗಳು ಕೂಲಿಯನ್ನೂ ಸಾಮಗ್ರಿಯನ್ನೂ ದಾನವಾಗಿ ಕೊಡುತ್ತಿದ್ದರು. ಸಿಯರ್ಸ್‌ನಂತಹ ದೊಡ್ಡ ಕಂಪೆನಿಗಳು ಪ್ರಾಯೋಜಕರಾಗಿದ್ದವು. ಮನೆ ದೊಡ್ಡದಾದ ಮೇಲೆ ತೆರಿಗೆ ಮತ್ತು ವಿದ್ಯುತ್ ಬಿಲ್ಲು ಏರಿ, ಕೆಲವು ಕುಟುಂಬಗಳು ಕಷ್ಟಪಟ್ಟ ಸುದ್ದಿಗಳೂ ನಂತರ ಬಂದವು.

2013ರಲ್ಲಿ ಆರಂಭವಾದ 'ಫಿಕ್ಸರ್ ಅಪ್ಪರ್' ಕಾರ್ಯಕ್ರಮದಲ್ಲಿ ಮನೆಯವರೇ ಹಣ ಹಾಕುತ್ತಿದ್ದರು. ಆದರೆ ಕೊನೆಯ ದೃಶ್ಯದಲ್ಲಿ ಕಾಣುವ ಸೋಫಾ, ಮೇಜು, ಅಲಂಕಾರಗಳು ಆ ಬಜೆಟ್ಟಿಗೆ ಸೇರಿದವಲ್ಲ. ಬೇಕಾದರೆ ಬೇರೆ ಹಣ ಕೊಟ್ಟು ಕೊಳ್ಳಬೇಕಿತ್ತು. ನಮ್ಮ ಭಾಷೆಯ ಯೂಟ್ಯೂಬ್ ವಿಡಿಯೋಗಳಲ್ಲಿಯೂ "ಇಷ್ಟು ಲಕ್ಷದಲ್ಲಿ ಮನೆ" ಎಂಬ ಶೀರ್ಷಿಕೆ ಇರುತ್ತದೆ. ಅದರಲ್ಲಿ ನಿವೇಶನ, ಕೊಳವೆಬಾವಿ, ವಿದ್ಯುತ್ ಸಂಪರ್ಕ, ಕಾಂಪೌಂಡು ಸೇರಿದೆಯೇ ಎಂದು ಕೇಳಿಕೊಂಡೇ ನೋಡಬೇಕು.

ಹೀಗಾಗಿ ಪರದೆಯ ಮೊತ್ತ ಸುಳ್ಳಾಗಬೇಕೆಂದಿಲ್ಲ, ಅಪೂರ್ಣವಾಗಿರುತ್ತದೆ. ಪುಕ್ಕಟೆ ಎಂದು ಕಾಣುವುದಕ್ಕೆ ಬೇರೆ ಯಾರೋ ಹಣ ಕೊಟ್ಟಿರುತ್ತಾರೆ.

ನೆಲವೇ ಬೇರೆ

ಕರಾವಳಿಯಲ್ಲಿ ನಮಗೆ ಗಟ್ಟಿ ಮುರಕಲ್ಲಿನ ನೆಲ ಗೊತ್ತು. ಅಡಿಪಾಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಅನೇಕ ಊರುಗಳಲ್ಲಿ ಕಪ್ಪು ಎರೆ ಮಣ್ಣು. ಹತ್ತಿಗೆ ಒಳ್ಳೆಯದಾದ ಈ ಮಣ್ಣು ಮನೆಗೆ ಒಳ್ಳೆಯದಲ್ಲ. ಮಳೆ ಬಂದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆಯೂ ಅದರೊಂದಿಗೆ ಬಿರಿಯುತ್ತದೆ. ಆದುದರಿಂದ ಎರೆ ಮಣ್ಣನ್ನು ಆಳಕ್ಕೆ ತೆಗೆದು, ಮರಂ ತುಂಬಿ, ಕುಟ್ಟಿ, ಪಾಯದ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಬೇಕಾಗುತ್ತದೆ. ಇಷ್ಟೆಲ್ಲ ಹಣ ನೆಲದೊಳಗೇ ಹೋಗುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ. ಬಿರುಕು ಬಿಟ್ಟ ಗೋಡೆಗೆ ಗಾರೆ ಮೆತ್ತಿ ಬಣ್ಣ ಹೊಡೆದರೆ ಟಿ.ವಿ.ಯಲ್ಲಿ ಕೆಲಸ ಮುಗಿಯಿತು. ಇಲ್ಲಿ ಮುಂದಿನ ಬೇಸಿಗೆಗೆ ಅದೇ ಬಿರುಕು ಮತ್ತೆ ತೆರೆಯುತ್ತದೆ.

ರಾಯಚೂರು ನಗರದಲ್ಲಿ ಬಂಡೆಗಲ್ಲು ಹತ್ತಿರದಲ್ಲಿದೆ. ಸಿಮೆಂಟು, ಕಬ್ಬಿಣದ ಅಂಗಡಿಗಳಿವೆ. ಸಮೀಪದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹಾರುಬೂದಿಯಿಂದ ಇಟ್ಟಿಗೆಯೂ ತಯಾರಾಗುತ್ತದೆ. ಮಾನ್ವಿ, ದೇವದುರ್ಗಗಳು ನಗರದಿಂದ ಹೆಚ್ಚುಕಡಿಮೆ 50 ಕಿ.ಮೀ. ದೂರ. ಒಳಗಿನ ಹಳ್ಳಿಗೆ ಸಾಮಗ್ರಿ ಮುಟ್ಟಿಸಲು ಟ್ರ್ಯಾಕ್ಟರ್ ಬಾಡಿಗೆ ಬೇರೆ. ದೇವದುರ್ಗದ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ಅಂಚಿನಲ್ಲಿ ತುಂಗಭದ್ರೆ ಹರಿದರೂ, ಹೊಳೆ ತುಂಬಿದ ತಿಂಗಳುಗಳಲ್ಲಿ ಮರಳು ತೆಗೆಯಲಾಗದೆ ಬೆಲೆ ಏರುತ್ತದೆ.

ಏಳು ದಿನದಲ್ಲಿ ಆಗದ ಕೆಲಸ

ಅಮೆರಿಕದ ಆ ಮನೆಗಳು ಮರದ ಚೌಕಟ್ಟಿನವು. ನೂರಾರು ಜನ ಹಗಲಿರುಳು ದುಡಿದರೆ ಬೇಗ ಏಳುತ್ತವೆ. ನಮ್ಮ ಕಾಂಕ್ರೀಟಿಗೆ ಅವಸರ ಸಲ್ಲದು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಒಣ ಬಿಸಿ ಹವೆಯಲ್ಲಿ ಮತ್ತು ಹಾರುಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕು. ತಾರಸಿಯ ಅಗಲ ನಾಲ್ಕೂವರೆ ಮೀಟರಿಗಿಂತ ಹೆಚ್ಚಿದ್ದರೆ ಆಸರೆ ಕಂಬಗಳನ್ನು 14 ದಿನ ತೆಗೆಯುವಂತಿಲ್ಲ. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಕೆಲವು ಊರುಗಳ ಕೊಳವೆಬಾವಿ ನೀರು ಸವಳು. ಆಗ ಟ್ಯಾಂಕರ್ ನೀರಿಗೂ ಹಣ ತೆರಬೇಕು. ಇದನ್ನು ಉಳಿಸಲು ಹೋದರೆ ತಾರಸಿಯೇ ದುರ್ಬಲವಾಗುತ್ತದೆ.

ಸರ್ಕಾರದ ನೆರವು, ಕುಟುಂಬದ ಸಾಲ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಸತತ ಮಳೆ ಹಾಗೂ ನೆರೆಗೆ ಉತ್ತರ ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು ಮಣ್ಣಿನ ಮನೆಗಳು ಕುಸಿದವು. ಹೆಚ್ಚು ಹಾನಿಗೊಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಸರ್ಕಾರ 'ಆಸರೆ' ಯೋಜನೆಯಲ್ಲಿ ದಾನಿಗಳ ಸಹಭಾಗಿತ್ವದಿಂದ ಹೊಸ ಮನೆಗಳನ್ನು ಕಟ್ಟಿಸಿತು. ಆದರೂ ದನಕರುಗಳಿಗೆ ಜಾಗವಿಲ್ಲ, ಹೊಲ ದೂರ ಎಂದು ಹಲವೆಡೆ ಜನ ಹೊಸ ಮನೆಗೆ ಹೋಗಲಿಲ್ಲ. ಮನೆಯವರನ್ನು ಕೇಳದೆ ಕಟ್ಟಿದ ಮನೆಯೂ ಒಂದು ಬಗೆಯ ನಷ್ಟವೇ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ರೂ. 1,20,000 ಸಹಾಯಧನ, ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ ಎಂದು ನಿಗದಿಯಾಯಿತು. ಭಾಗಿಸಿದರೆ ಚದರಡಿಗೆ 446 ರೂಪಾಯಿ. ಗುತ್ತಿಗೆದಾರರು ಚದರಡಿಗೆ 1,500 ರೂಪಾಯಿ ಕೇಳಿದರೆ ಅಷ್ಟೇ ಮನೆಗೆ ರೂ. 4 ಲಕ್ಷ ದಾಟುತ್ತದೆ. ನೆರವಿನ ಹಣವೂ ಕೆಲಸದ ಹಂತ ನೋಡಿ ಕಂತುಗಳಲ್ಲಿ ಬರುವುದರಿಂದ, ಮೊದಲು ಕೈಯಿಂದ ಹಾಕಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದು ಸ್ವಲ್ಪ ಸಮಾಧಾನ. ಆದರೆ ಈ ಅಂತರವನ್ನು ಅದು ತುಂಬುವುದಿಲ್ಲ.

ಅಂತರ ತುಂಬುವುದು ಎರಡು ದಾರಿಯಿಂದ. ಒಂದು, ವಾರದ ಕಂತಿನ ಕಿರುಸಾಲ. ಸಾಲ ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇನ್ನೊಂದು, ಗುಳೆ. ದೇವದುರ್ಗ, ಮಾನ್ವಿಯ ಕೂಲಿಕಾರರು ಬೆಂಗಳೂರಿನಂತಹ ನಗರಗಳಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಕರಾವಳಿಯ ಮನೆಗಳಿಗೆ ತಾರಸಿ ಹಾಕುವವರಲ್ಲಿಯೂ ಉತ್ತರ ಕರ್ನಾಟಕದವರು ಅನೇಕರು. ನಮ್ಮ ಮನೆ ಕಟ್ಟಿದವರ ಸ್ವಂತ ಮನೆ ಊರಿನಲ್ಲಿ ಅರ್ಧಕ್ಕೆ ನಿಂತಿರಬಹುದು. ಇಂತಹವರಿಗೆ "ಕೂಲಿ ನೀವೇ ಮಾಡಿಕೊಳ್ಳಿ, ಸಾಮಗ್ರಿ ನಾವು ಕೊಡುತ್ತೇವೆ" ಎನ್ನುವುದು ಸುಲಭ. ಆದರೆ ಸ್ವಂತ ಮನೆಯಲ್ಲಿ ದುಡಿದ ಪ್ರತಿ ದಿನವೂ ಅವರಿಗೆ ತಪ್ಪಿದ ಒಂದು ದಿನದ ಕೂಲಿ. ಟಿ.ವಿ.ಯಲ್ಲಿ ಕೂಲಿ ದಾನವಾಗಿ ಬರುತ್ತದೆ. ಇಲ್ಲಿ ಬಡವನೇ ದಾನಿಯಾಗಬೇಕಾಗುತ್ತದೆ.

ನಾವು ಏನು ಮಾಡಬಹುದು?

1. ಮೊತ್ತ ನಿಗದಿ ಮಾಡುವ ಮೊದಲು ಸ್ಥಳೀಯ ಗೌಂಡಿ ಮತ್ತು ಎಂಜಿನಿಯರರಿಂದ ಅಂದಾಜು ಪಟ್ಟಿ ತರಿಸೋಣ. ಅಡಿಪಾಯ, ಸಾಗಾಟ, ನೀರು, ಕೂಲಿ ಅದರಲ್ಲಿ ಬೇರೆ ಬೇರೆಯಾಗಿ ಇರಲಿ.

2. ಹಳೆ ಮನೆಯ ದುರಸ್ತಿಯಲ್ಲಿ ಗೋಡೆ ಬಿಚ್ಚಿದ ಮೇಲೆಯೇ ನಿಜ ಸ್ಥಿತಿ ತಿಳಿಯುವುದು. ಅಂದಾಜಿನ ಮೇಲೆ ಹತ್ತರಲ್ಲಿ ಒಂದು ಪಾಲನ್ನಾದರೂ ಮೀಸಲಿಡೋಣ.

3. ಮೊದಲು ಪಾಯ ಮತ್ತು ಮಾಡು, ನಂತರ ಶೌಚಾಲಯ, ಕೊನೆಗೆ ಬಣ್ಣ. ನೆಲಕ್ಕೆ ಟೈಲ್ಸ್ ಬದಲು ಆ ಭಾಗದ ಶಹಾಬಾದ್ ಕಲ್ಲು ಸಾಕು.

4. ಐದು ಮನೆಗಳಿಗೆ ಅರ್ಧರ್ಧ ಕೊಡುವುದಕ್ಕಿಂತ ಎರಡನ್ನು ಪೂರ್ಣಗೊಳಿಸುವುದು ಮೇಲು.

5. ಕುಟುಂಬವು ಸಾಲ ಮಾಡಿದೆಯೇ ಎಂದು ಕೇಳೋಣ. ನಮ್ಮ ನೆರವು ಅವರನ್ನು ಹೊಸ ಸಾಲಕ್ಕೆ ತಳ್ಳಬಾರದು.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಹೇಳಿದ ಸಾಮತಿಯನ್ನು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಶಿಷ್ಯತ್ವದ ಬೆಲೆಯ ಕುರಿತಾದ ಆ ಮಾತು ಇಟ್ಟಿಗೆ ಗಾರೆಯ ಕೆಲಸಕ್ಕೂ ಒಪ್ಪುತ್ತದೆ. ದಾನ ಕೊಡುವ ಮನಸ್ಸು ನಮ್ಮ ವಿಶ್ವಾಸಿಗಳಲ್ಲಿ ಕಡಿಮೆಯಿಲ್ಲ. ಅದರೊಂದಿಗೆ ಸರಿಯಾದ ಲೆಕ್ಕವೂ ಸೇರಿದರೆ ರಾಯಚೂರಿನ ಒಂದು ಕುಟುಂಬವಾದರೂ ಮುಂದಿನ ಮಳೆಗಾಲದಲ್ಲಿ ನಿಶ್ಚಿಂತೆಯಿಂದ ಮಲಗಬಹುದು.